ಹೋದೆ, ಹೋಗುತ್ತಿದ್ದೆ

ಕಾಳಿ ನದಿ ಕಡಲು ಸೇರುವಲ್ಲಿ ಮಾಬಲ ಶೆಣೈ ಎಂಬ ಮುದಿ ದುಭಾಷಿ ಇದ್ದರು. ನಮ್ಮವರ ಮಾತನ್ನು ಪೋರ್ಚುಗೀಸರಿಗೆ ದಾಟಿಸುವುದು ಅವರ ಕಸುಬು. ಶಿಷ್ಯ ಪುಂಡಲೀಕನಿಗೆ ಆ ಭಾಷೆಯ ಕ್ರಿಯಾಪದಗಳೆಲ್ಲ ಬಾಯಿಪಾಠ. ಜಂಬಕ್ಕೂ ಕಡಿಮೆಯಿರಲಿಲ್ಲ.

"ಗುರುಗಳೇ, ಹೋದೆ ಅನ್ನೋಕೆ 'ಫುಯ್'. ಹೋಗ್ತಿದ್ದೆ ಅನ್ನೋಕೆ 'ಇಯ'. ಎರಡೂ ಆಗಿಹೋದ ಮಾತೇ. ಒಂದು ಸಾಲದೇ?"

"ಮಾತಾಡುವವನ ಪಕ್ಕದಲ್ಲೇ ನಿಲ್ಲು. 'ಅವನು' ಅನ್ನಬೇಡ, 'ನಾನು' ಅನ್ನು. ದುಭಾಷಿಯ ಪದ್ಧತಿ ಅದು."

ಕೇಳಿದ್ದೇನು, ಹೇಳಿದ್ದೇನು! ಮುದುಕರಿಗೆ ಅರಳುಮರಳು ಎಂದುಕೊಂಡ ಪುಂಡಲೀಕ.

ಆ ಮಧ್ಯಾಹ್ನವೇ ಪೋರ್ಚುಗೀಸ್ ಕಪ್ತಾನನ ಕರೆ ಬಂತು. ಗುರುಗಳು ಬಾಗಿಲಲ್ಲೇ ನಿಂತು ಶಿಷ್ಯನನ್ನು ಒಳಗೆ ಕಳಿಸಿದರು. ಸೋಮ ಎಂಬ ಮೀನುಗಾರನನ್ನು ಹಗ್ಗದಲ್ಲಿ ಕಟ್ಟಿ ತಂದಿದ್ದರು. ಶತ್ರುವಿನ ಹಡಗಿಗೆ ಸುದ್ದಿ ಮುಟ್ಟಿಸಿದ ಎಂಬ ಆರೋಪ. ನಿಜವಾದರೆ ನೇಣು.

"ಸೆಳೆತಕ್ಕೆ ಸಿಕ್ಕಿ ಆ ಹಡಗಿನ ಕಡೆ ಹೋಗ್ತಿದ್ದೆ ಧಣೀ. ಹುಟ್ಟು ಹಾಕಿ ಹಾಕಿ ದೋಣಿ ತಿರುಗಿಸ್ಕಂಡು ಬಂದೆ," ಎಂದ ಸೋಮ.

ಅವನ ಮೈಯ ಮೀನುವಾಸನೆಗೆ ಹೇಸಿ ಪುಂಡಲೀಕ ಕಪ್ತಾನನ ಕುರ್ಚಿಯ ಪಕ್ಕ ನಿಂತಿದ್ದ. ಅಷ್ಟುದ್ದದ ಮಾತನ್ನು ಮೊಟಕು ಮಾಡಿ, 'ನಾನು' ಇದ್ದಲ್ಲಿ 'ಅವನು' ಹಾಕಿ, "ಫೊಯ್. ಅವನು ಹಡಗಿನ ಬಳಿಗೆ ಹೋದ," ಎಂದುಬಿಟ್ಟ.

ಕಪ್ತಾನ ಎದ್ದು ನಿಂತ. "ನೇಣಿಗೆ ಹಾಕಿ."

ಪುಂಡಲೀಕ ಬಾಗಿಲಲ್ಲಿದ್ದ ಗುರುಗಳ ಬಳಿಗೆ ಓಡಿದ.

"ನೀವೇ ಸರಿಮಾಡಿ ಗುರುಗಳೇ. ತಪ್ಪು ಹೇಳಿದ ದುಭಾಷಿಗೆ ಚಾವಟಿ ಏಟು ಕೊಡ್ತಾರೆ. ನನಗೆ ಭಯ."

ಶೆಣೈಯವರು ಅವನನ್ನು ಸೋಮನ ಪಕ್ಕಕ್ಕೆ ಎಳೆದೊಯ್ದು, ಹಗ್ಗದ ಉಳಿದ ತುದಿಯನ್ನು ಶಿಷ್ಯನ ಮಣಿಕಟ್ಟಿಗೆ ಬಿಗಿದರು. ಸೋಮನ ಕೈ ಗಡಗಡ ನಡುಗುತ್ತಿತ್ತು. ಆ ನಡುಕ ಹಗ್ಗದಲ್ಲೇ ಹರಿದು ಪುಂಡಲೀಕನ ಕೈಗೂ ಬಂತು.

"ಈಗ ಹೇಳು."

"ಇಯ," ಎಂದ ಪುಂಡಲೀಕ ಕಪ್ತಾನನಿಗೆ. "ನಾನು ಹೋಗುತ್ತಿದ್ದೆ. ಸೆಳೆತ ಎಳೆಯುತ್ತಿತ್ತು. ಹಡಗು ಮುಟ್ಟಲಿಲ್ಲ, ತಿರುಗಿಸಿಕೊಂಡು ಬಂದೆ. ಮೊದಲು ಹೇಳಿದ್ದು ದುಭಾಷಿಯ ತಪ್ಪು."

ಕಪ್ತಾನ ಸೋಮನ ಅಂಗೈ ಬಿಡಿಸಿ ನೋಡಿದ. ಹುಟ್ಟು ಹಾಕಿ ಹಾಕಿ ಚರ್ಮ ಕಿತ್ತುಬಂದಿತ್ತು. ಅವನ ಕಟ್ಟು ಬಿಚ್ಚಿಸಿದ. ಪುಂಡಲೀಕನನ್ನು ಚಾವಟಿಯವನ ಕೈಗೆ ಒಪ್ಪಿಸಿದ.

ಸಂಜೆ ಹೊಳೆದಂಡೆಯಲ್ಲಿ ಗುರುಗಳು ಶಿಷ್ಯನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿದರು. ಪುಂಡಲೀಕ ಹಲ್ಲು ಕಚ್ಚಿ ಕೂತಿದ್ದ.

"ಚಾವಟಿ ಹಿಡಿದವನನ್ನು ಕೇಳಿದರೆ, ಏಟು ಬಿತ್ತು ಅಂತಾನೆ," ಎಂದರು ಶೆಣೈಯವರು. "ನೀನು ಏನಂತೀಯಪ್ಪಾ, ಬಿತ್ತು ಅಂತಲೋ, ಬೀಳ್ತಿತ್ತು ಅಂತಲೋ?"