ಹತ್ತಿ ಮಂಡಿಯ ಕೀಲಿ

ಪಾಳುಬಿದ್ದ ಹತ್ತಿ ಮಂಡಿಯನ್ನು ರಿಪೇರಿ ಮಾಡಿ ತರಕಾರಿ ಮಾರುಕಟ್ಟೆ ಮಾಡಿರೆಂದು ಸರ್ಕಾರ ನಮ್ಮೂರ ಪುರಸಭೆಗೆ ಅನುದಾನ ಕೊಟ್ಟಿತು. ಕಟ್ಟಡವೇನೋ ಹೊಸದಾಯಿತು. ಆದರೆ ಅಧ್ಯಕ್ಷ ಸಂಗನಗೌಡರು ಬೀಗ ಜಡಿದುಬಿಟ್ಟರು. ಅದನ್ನು ಭಾವಮೈದುನನ ಸಿಮೆಂಟಿಗೆ ಗೋದಾಮು ಮಾಡಿಕೊಡುವ ಆಸೆ ಅವರಿಗೆ. ತರಕಾರಿ ಮಾರುವ ಹೆಂಗಸರು ಎದುರಿನ ರಸ್ತೆಯ ಬಿಸಿಲಲ್ಲೇ ಬೇಯುತ್ತಿದ್ದರು.

ಹೀಗಿರುವಾಗ ಕಟ್ಟಡ ನೋಡಲು ಜಿಲ್ಲೆಯಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಗೌಡರು ಸೊಪ್ಪು ಮಾರುವ ದ್ಯಾಮವ್ವನ ಮುಂದೆ ಬಂದು ನಿಂತರು.

“ನಾಳೆ ನೀವೆಲ್ಲ ಒಳಗ ಕುಂತು ಯಾಪಾರ ಮಾಡ್ರಿ. ಸಾಹೇಬ್ರು ಹೋದ ಕೂಡ್ಲೆ ಗಪ್ಪನ ಎದ್ದು ಹೊರಗ ಬರಬೇಕು. ತಿಳೀತಿಲ್ಲೊ?”

“ತಿಳೀತ್ರಿ ಯಪ್ಪಾ,” ಅಂದಳು ದ್ಯಾಮವ್ವ.

ಮರುದಿನ ಮಂಡಿ ಗಿಜಿಗುಟ್ಟಿತು. ಸಾಹೇಬರಿಗೆ ಖುಷಿಯೋ ಖುಷಿ. ಆಗ ದ್ಯಾಮವ್ವ ಎದ್ದು ಬಂದು ಕೈ ಮುಗಿದಳು.

“ಸಾಹೇಬ್ರ, ನಮ್ಮ ಗೌಡ್ರು ದೇವರಂಥವರು. ‘ಇನ್ನ ನಿಮ್ಮನ್ನ ಇಲ್ಲಿಂದ ಯಾರೂ ಎಬ್ಬಸಂಗಿಲ್ಲ’ ಅಂತ ಕೀಲಿ ನಮಗ ಕೊಡಾಕ ನಿಂತಾರ. ಅದನ್ನ ನಿಮ್ಮ ಕೈಲೆ ಕೊಡ್ರಿ!”

ಹೆಂಗಸರು ಚಪ್ಪಾಳೆ ತಟ್ಟಿದರು. ಸಾಹೇಬರು ಗೌಡರ ಮುಂದೆ ಕೈ ಚಾಚಿದರು. ಗೌಡರು ಜೇಬಿನಿಂದ ಕೀಲಿ ತೆಗೆದರು. ಸಾಹೇಬರು ಅದನ್ನು ದ್ಯಾಮವ್ವನ ಉಡಿಗೆ ಹಾಕಿ, ಗೌಡರ ಬೆನ್ನು ತಟ್ಟಿ, ಜೀಪು ಹತ್ತಿದರು.

ಜೀಪು ಹೊರಟಿದ್ದೇ ತಡ, ಗೌಡರು ಗುಡುಗಿದರು: “ನಾ ಯಾವಾಗ ಹಂಗಂದೆ?”

“ಅಂದೇ ಇಲ್ರಿ ಯಪ್ಪಾ,” ಅಂದಳು ದ್ಯಾಮವ್ವ, ಸೊಪ್ಪಿಗೆ ನೀರು ಚಿಮುಕಿಸುತ್ತ. “ಜೀಪು ಇನ್ನೂ ಊರ ಅಗಸಿ ಬಾಗಿಲು ದಾಟಿಲ್ಲ. ಓಡಿಹೋಗಿ ಹೇಳಿ ಬರ್ರಿ.”