ಒಂದು ಬೆರಳಿನ ಜಾಗ

ಎಲ್ಲ ಮಂಗಳವಾರಗಳಂತೆ ಅದೂ ಒಂದು ಮಂಗಳವಾರ. ಹಾಲಮ್ಮ ರೊಟ್ಟಿ ತಟ್ಟುತ್ತಿದ್ದಳು, ಮಗ ತಿಪ್ಪೇಶ ತಟ್ಟೆ ಹಿಡಿದು ಕೂತಿದ್ದ. ಅಷ್ಟರಲ್ಲಿ ಅಳಿಯನ ಫೋನು ಬಂತು. ಸೀಮಂತ ಮುಗಿದಿದೆ, ಗುರುವಾರ ದಿನ ಚೆನ್ನಾಗಿದೆ, ಮಾಳಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋಗಿ ಅಂದ. ಅಲ್ಲಿಗೆ ಶುರುವಾಯಿತು ನೋಡಿ!

ಹಾಲಮ್ಮನಿಗೆ ಇರುವವಳು ಒಬ್ಬಳೇ ಮಗಳು. ಮಗನೂ ಒಬ್ಬನೇ, ಆದರೆ ಅವನು ತಿಪ್ಪೇಶ. ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. ಗಾಡಿ ಓಡಿಸುವುದನ್ನೂ ಅಪ್ಪ ಹೇಳಿಕೊಟ್ಟಂತೆಯೇ ಕಲಿತಿದ್ದ, ಅದೊಂದನ್ನು ಚೆನ್ನಾಗಿ ಮಾಡುತ್ತಿದ್ದ.

ಗಾಡಿಯೂ ಅಪ್ಪನದೇ. ಎತ್ತರದ ದೊಡ್ಡ ಗಾಡಿ. ಮಂಡಿ ನೋವಿನ ಹಾಲಮ್ಮ ಹತ್ತಲಾರಳೆಂದು ಅವನು ಸ್ಪ್ರಿಂಗು ಕತ್ತರಿಸಿ ಅದನ್ನು ತಗ್ಗಿಸಿದ್ದ. ಅವನು ತೀರಿಹೋಗಿ ಎರಡು ವರ್ಷ. ಈಗ ಟೈರು ಬೋಳಾಗಿದ್ದವು. ಮಾಳಮ್ಮನ ಊರಿನ ದಾರಿಯೋ ಬರೀ ಎರೆಮಣ್ಣು, ಸಣ್ಣ ಟೈರು ಹೂತುಕೊಳ್ಳುತ್ತದೆ. ತುಂಬಿದ ಬಸುರಿಯನ್ನು ಕೆಸರಿನಲ್ಲಿ ಇಳಿಸಲಾದೀತೆ?

ಹಳೆಯದಕ್ಕಿಂತ ಎರಡು ಬೆರಳು ಅಗಲದ ಟೈರು ತಾ, ಅಳತೆ ತಪ್ಪಬೇಡ ಎಂದಳು ಹಾಲಮ್ಮ.

ತಿಪ್ಪೇಶ ಹಳೆಯ ಟೈರಿನ ಎರಡು ಬದಿಗೂ ಅಂಗೈ ಇಟ್ಟ, ಎರಡು ಬೆರಳು ಹಿಗ್ಗಿಸಿದ, ಕೈಗಳನ್ನು ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದ. ಕಂಡಕ್ಟರು ಟಿಕೆಟ್ ಅಂದರೆ ಜೇಬಿಗೆ ನೀವೇ ಕೈ ಹಾಕಿ ಅಂದ. ಮೇಷ್ಟ್ರು ಸಿಕ್ಕರೆ ಕೈ ಮುಗಿಯಲಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಒಂದು ಕೈ ಅತ್ತ ಹೋಯಿತು, ಒಂದು ಕೈ ಇತ್ತ ಹೋಯಿತು. ಸಂಜೆಗೆ ಟ್ರ್ಯಾಕ್ಟರಿನ ಹಿಂದಿನ ಟೈರೊಂದನ್ನು ಉರುಳಿಸಿಕೊಂಡು ಬಂದ.

"ಹೇಳಿದಂಗೇ ಮಾಡಿದೆ ಅವ್ವ."

ಹಾಲಮ್ಮ ಹಣೆ ಚಚ್ಚಿಕೊಂಡಳು. ಅಳತೆಯನ್ನು ಹಾಗೆ ತರುತ್ತಾರೇನೋ? ಹಳೆಯ ಟೈರನ್ನೇ ಒಯ್ದು ತೋರಿಸು, ಅಂಗಡಿಯವರು ಹೇಳಿದ್ದನ್ನು ಕೇಳಿಕೊಂಡು ಬಾ ಎಂದು ಬೈದಳು.

ಬುಧವಾರ ಬೆಳಿಗ್ಗೆ ಹಳೆಯ ಟೈರು ಹೊತ್ತು ಹೋದ. ಟೈರಂಗಡಿಯ ದಸ್ತಗೀರ್ ಸಾಬರು ಟ್ರ್ಯಾಕ್ಟರಿನದನ್ನು ವಾಪಸು ಕಳಿಸು ಎಂದು ನಕ್ಕರು, ಸರಿಯಾದ ನಾಲ್ಕು ಟೈರು ಕೊಟ್ಟರು, ಬುದ್ಧಿಯನ್ನೂ ಹೇಳಿದರು. ತಗ್ಗಿಸಿದ ಗಾಡಿಗೆ ಅಗಲದ ಟೈರು ಹಾಕಿದರೆ ಚಕ್ರದ ಮೇಲಿನ ಮಡ್‌ಗಾರ್ಡ್ ತಗಡಿಗೆ ಉಜ್ಜುತ್ತದೆ, ಉಜ್ಜಿ ಉಜ್ಜಿ ಒಡೆಯುತ್ತದೆ. ಟೈರಿಗೂ ತಗಡಿಗೂ ನಡುವೆ ಒಂದು ಬೆರಳು ಇರಬೇಕು.

ಮಧ್ಯಾಹ್ನ ಹೊಸ ಟೈರು ಹಾಕಿ ಮುಗಿದ ಮೇಲೆ ಊಟಕ್ಕೆ ಕರೆದರೆ ಮಗ ಬರಲೊಲ್ಲ. ಹೋಗಿ ನೋಡಿದರೆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ, ಟೈರಿಗೂ ತಗಡಿಗೂ ನಡುವೆ ತೋರುಬೆರಳು!

"ತೆಗಿಯೋ ಬೆರಳ್ನ!"

"ಇರಬೇಕಂತೆ ಅವ್ವ. ಸಾಬರು ಹೇಳಿದಂಗೇ ಮಾಡಿದೆ. ಇನ್ನೂ ಮೂರು ಚಕ್ರ ಇದಾವೆ, ನೀನೂ ಬಾ."

ಹಾಲಮ್ಮ ಅವನ ಕೈ ಹಿಡಿದೆಳೆದು ಬೈದಳು. ಬೆರಳಲ್ಲವೋ, ಬೆರಳಷ್ಟು ಜಾಗ! ಅದೂ ಖಾಲಿ ಗಾಡಿಯಲ್ಲಿ ನೋಡಿದರೆ ಏನು ಬಂತು? ಜನ ಕೂರಿಸು, ಸ್ಟೇರಿಂಗು ಪೂರ್ತಿ ತಿರುಗಿಸಿ ಓಡಿಸು, ಸದ್ದು ಬರುತ್ತದೋ ಕೇಳು.

ತಿಪ್ಪೇಶ ಕೇರಿಯ ಐದು ಜನ ಹೆಂಗಸರನ್ನು ಕೂರಿಸಿಕೊಂಡು ಕಣಕ್ಕೆ ಹೋದ. ಸ್ಟೇರಿಂಗು ಪೂರ್ತಿ ತಿರುಗಿಸಿದ, ಓಡಿಸಿದ. ಮತ್ತೆ ನೆಟ್ಟಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಗಾಡಿ ಸುತ್ತಿತು, ಸುತ್ತಿತು, ಗಾಣದೆತ್ತಿನಂತೆ ಸುತ್ತಿತು. ಹೆಂಗಸರು ಕಿರುಚಿದರು, ಕೋಳಿಗಳು ಹಾರಿದವು, ಡೀಸೆಲ್ ಮುಗಿದ ಮೇಲೆ ಗಾಡಿ ನಿಂತಿತು. ಇಳಿದ ಹೆಂಗಸರು ನೆಲ ಹಿಡಿದು ಕೂತರು. ಸದ್ದು ಬಂದಿತ್ತೇ ಎಂದು ಕೇಳಿದರೆ, ಇವರ ಸದ್ದಿನಲ್ಲಿ ಟೈರಿನ ಸದ್ದು ಕೇಳಲಿಲ್ಲ ಅವ್ವ ಅಂದ.

ಗುರುವಾರ ಬಂದೇಬಿಟ್ಟಿತು. ಬೇರೆ ಗಾಡಿಯಿಲ್ಲ, ಬೇರೆ ಮಗನಿಲ್ಲ. ಹಾಲಮ್ಮ ಅವನ ಎರಡು ಕೆನ್ನೆ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಉಜ್ಜೋ ಸದ್ದು ಬಂದ್ರೆ ಒಂದು ಮಾರೂ ಮುಂದೆ ಹೋಗಬೇಡ. ನಿಲ್ಲಿಸು. ಭಾರ ಇಳಿಸು. ಸದ್ದು ನಿಂತ ಮೇಲೇ ಮನೆಗೆ ಬಾ. ನನ್ನ ಮಗಳ ಜೀವ ಕಣೋ ತಿಪ್ಪಾ."

ಹೋದ. ಎರೆಮಣ್ಣಿನಲ್ಲಿ ಗಾಡಿ ಹೂತುಕೊಳ್ಳಲಿಲ್ಲ. ಅಕ್ಕನನ್ನೂ ಭಾವನನ್ನೂ ಕೂರಿಸಿಕೊಂಡು ಹೊರಟಿದ್ದಾನೆ ಎಂದು ಬೀಗರ ಫೋನೂ ಬಂತು. ಹಾಲಮ್ಮ ಮೊದಲ ಸಲ ನೆಟ್ಟಗೆ ಉಸಿರಾಡಿದಳು. ಬಾಗಿಲಿಗೆ ನೀರು ಹಾಕಿ, ಕೆಂಪು ಆರತಿ ಕಲಸಿ, ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಳು.

ಸಂಜೆಗೆ ಗಾಡಿ ಬಂತು. ಕರಕರ ಇಲ್ಲ, ಕಿರಿಕಿರಿ ಇಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು. ತಿಪ್ಪೇಶ ಎದೆ ಉಬ್ಬಿಸಿ ಇಳಿದ. ಇಳಿದವನು ಅವನೊಬ್ಬನೇ.

ಹೆದ್ದಾರಿಯ ಟೀ ಅಂಗಡಿ ಹತ್ತಿರ ಸದ್ದು ಬಂತಂತೆ. ಟ್ರಂಕು ಇಳಿಸಿದನಂತೆ, ನಿಲ್ಲಲಿಲ್ಲ. ಬಾಳೆಗೊನೆ ಇಳಿಸಿದನಂತೆ, ನಿಲ್ಲಲಿಲ್ಲ. ಭಾವನನ್ನು ಇಳಿಸಿದನಂತೆ, ಆಗಲೂ ಒಂದಿಷ್ಟು ಉಳಿದಿತ್ತಂತೆ. ಅಕ್ಕನನ್ನು ಕೈಹಿಡಿದು ನಿಧಾನ ಇಳಿಸಿ, ನೆರಳಲ್ಲಿ ಬೆಂಚಿನ ಮೇಲೆ ಕೂರಿಸಿ, ಭಾವನಿಗೆ ನಿಂಬೆ ಶರಬತ್ತು ತಂದುಕೊಡಲು ಹೇಳಿ ಬಂದನಂತೆ.

"ಆಮೇಲೆ ಒಂದು ಸಲಾನೂ ಉಜ್ಜಲಿಲ್ಲ ಅವ್ವ. ಹೇಳಿದಂಗೇ ಮಾಡಿದೆ."

ಹಾಲಮ್ಮ ಆರತಿ ತಟ್ಟೆ ಹಿಡಿದೇ ಗಾಡಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

ಟೈರಿಗೂ ತಗಡಿಗೂ ನಡುವೆ ಸರಿಯಾಗಿ ಒಂದು ಬೆರಳಿನ ಜಾಗವಿತ್ತು.