ಕೈಬಿಡಲಾಯಿತು

ಸರ್ಜನ್ನರ ಬಾಗಿದ ಸೂಜಿ, ಅಂದರೆ ಗಾಯ ಹೊಲಿಯುವ ಸೂಜಿ, ಪೆನ್ನು ಬರೆಯುತ್ತಿದ್ದ ಸಂಶೋಧನಾ ಪ್ರಬಂಧವನ್ನು ಇಣುಕಿ ನೋಡಿ ಕೆಂಡಾಮಂಡಲವಾಯಿತು. ತಾನು ಹಾಕಿದ ಹೊಸ ಬಗೆಯ ಹೊಲಿಗೆ ಬಿಚ್ಚಿಕೊಂಡು ಮೂವರು ರೋಗಿಗಳು ನರಳಿದ್ದರು. ಆ ಹೊಲಿಗೆಯನ್ನು ಹೊಗಳುತ್ತಿದ್ದ ಪ್ರಬಂಧದಲ್ಲಿ ಮಾತ್ರ ‘ಮೂವರನ್ನು ಅಧ್ಯಯನದಿಂದ ಕೈಬಿಡಲಾಯಿತು’ ಎಂದಷ್ಟೇ ಇತ್ತು.

“ಪೆನ್ನುರಾಯರೇ, ಕೈಬಿಟ್ಟವರು ಯಾರು?”

“ಸೂಜಮ್ಮ, ವೈದ್ಯಕೀಯ ಬರಹದಲ್ಲಿ ‘ನಾನು’ ಅನ್ನಬಾರದು. ಎಲ್ಲವನ್ನೂ ‘ಮಾಡಲಾಯಿತು’ ಅಂತಲೇ ಬರೆಯಬೇಕು.”

“ನಾಳೆ ಇದನ್ನು ನಂಬಿ ಬೇರೆ ಡಾಕ್ಟರು ಇದೇ ಹೊಲಿಗೆ ಹಾಕುತ್ತಾರೆ. ಅದೂ ಬಿಚ್ಚಿಕೊಂಡರೆ?”

“ವಿಷಾದಿಸಲಾಗುತ್ತದೆ,” ಎಂದಿತು ಪೆನ್ನು.

ಸೂಜಿಗೆ ಮೈಯೆಲ್ಲ ಉರಿಯಿತು. “ಹಾಗಾದರೆ ಮೇಲೆ ದಪ್ಪಕ್ಷರದಲ್ಲಿ ಮೆರೆಯುತ್ತಿರುವ ನಿಮ್ಮ ಹೆಸರನ್ನೂ ಕೈಬಿಡಿ!”

ಪೆನ್ನು ಗಾಬರಿಯಿಂದ ಕೂಗಿಕೊಂಡಿತು: “ಅಯ್ಯೋ, ಅದು ಹೇಗಾಗುತ್ತದೆ? ಇದನ್ನು ಬರೆದದ್ದು ನಾನು!”